ನನ್ನ ವಿರೋಧ ಬರ್ಕೊಳ್ಳಿ

2019ರ ಜುಲೈ 23ರ ಸಂಜೆ ರಾಮನಗುಳಿಯ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಏಳೆಂಟು ಮಂದಿ ಟಿ.ವಿ.ಯತ್ತ ಕತ್ತೆತ್ತಿ ನಿಂತಿದ್ದೆವು. ಹೊರಗೆ ಜಡಿಮಳೆ. ಅರಬೈಲ್ ಘಟ್ಟ ಇಳಿದು ಬಂದ ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬ ಡ್ರೈವರ್ ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡೇ ಚಹಾ ಕುಡಿಯುತ್ತಿದ್ದ. ಅಲ್ಲಿ ವಿಧಾನಸಭೆಯಲ್ಲಿ ಸಿಬ್ಬಂದಿ ಶಾಸಕರನ್ನು ಒಂದೊಂದು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸುತ್ತಿದ್ದರು, ಶಾಲೆಯಲ್ಲಿ ಬಿಸಿಯೂಟಕ್ಕೆ ಮಕ್ಕಳನ್ನು ಎಣಿಸಿದ ಹಾಗೆ. ಸ್ಪೀಕರ್ ರಮೇಶ್ ಕುಮಾರ್ ಫಲಿತಾಂಶ ಓದಿದರು. ವಿಶ್ವಾಸಮತದ ಪರ 99, ವಿರುದ್ಧ 105. ಕುಮಾರಸ್ವಾಮಿಯವರ ಸರಕಾರ ಬಿತ್ತು.

ಯಾರೋ ಪಟಾಕಿಯ ಮಾತೆತ್ತಿದರು, ಮಳೆ ನೋಡಿ ಸುಮ್ಮನಾದರು. ಬೆಂಚಿನ ಮೇಲಿದ್ದ ನಿವೃತ್ತ ಮಾಸ್ತರರು ಮಾತ್ರ ನನ್ನ ಕಡೆ ತಿರುಗಿ ಬೇರೆಯದೇ ಪ್ರಶ್ನೆ ಹಾಕಿದರು: ‘ಅದಿರ್ಲಿ ತಮ್ಮಾ, ನಮ್ಮ ಜಿಲ್ಲೆಯವರು ಎಷ್ಟು ಜನ ಗೆದ್ರು, ಎಷ್ಟು ಜನ ಸೋತ್ರು?’

ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆವು. ಉತ್ತರ ಕನ್ನಡಕ್ಕೆ ಆರು ಶಾಸಕರು. ಕಾರವಾರದ ರೂಪಾಲಿ ನಾಯ್ಕ, ಕುಮಟಾದ ದಿನಕರ ಶೆಟ್ಟಿ, ಭಟ್ಕಳದ ಸುನೀಲ ನಾಯ್ಕ, ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ ನಾಲ್ವರೂ ಬಿಜೆಪಿ, ಆ 105ರಲ್ಲಿದ್ದವರು. ಹಳಿಯಾಳದ ಆರ್.ವಿ. ದೇಶಪಾಂಡೆ ಸರಕಾರದ ಮಂತ್ರಿ, 99ರ ಕಡೆ. ಉಳಿದವರು ಯಲ್ಲಾಪುರದ ಅರಬೈಲ್ ಶಿವರಾಮ ಹೆಬ್ಬಾರ್. ಕಾಂಗ್ರೆಸ್‌ನಿಂದ ಗೆದ್ದು ರಾಜೀನಾಮೆ ಬರೆದುಕೊಟ್ಟಿದ್ದ ಅವರು ಆ ದಿನ ಸದನದಲ್ಲೇ ಇರಲಿಲ್ಲ. ಗೆದ್ದವರು ನಾಲ್ವರು, ಸೋತವರು ಒಬ್ಬರು, ಬಾರದವರು ಒಬ್ಬರು. ಇಡೀ ಸದನದ ಲೆಕ್ಕವೂ ಹಾಗೆಯೇ. 204 ಮಂದಿ ಮತ ಹಾಕಿದರು, 20 ಮಂದಿ ಗೈರು. ಸರಕಾರವನ್ನು ಬೀಳಿಸಿದ್ದು ನಿಂತು ಎಣಿಸಿಕೊಂಡ 105 ಮಂದಿಗಿಂತ ಹೆಚ್ಚಾಗಿ ಬಾರದ ಆ 20 ಮಂದಿ.

ಮಾಸ್ತರರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾವು ಆರಿಸಿ ಕಳಿಸಿದವರು ಐದು ವರ್ಷದಲ್ಲಿ ಎಷ್ಟು ಸಲ ಸೋತ ಪಂಗಡದಲ್ಲಿ ಕೂತಿರುತ್ತಾರೆ? ಕ್ರಿಕೆಟ್ ಆಟಗಾರನಿಗೆ ಸೋಲು ಗೆಲುವಿನ ಪಟ್ಟಿ ಇದೆ, ಯಕ್ಷಗಾನದ ಭಾಗವತರು ಕೂಡ ಯಾವ ರಾತ್ರಿ ಯಾವ ಪ್ರಸಂಗ ಎಂದು ಬರೆದಿಟ್ಟಿರುತ್ತಾರೆ. ಶಾಸಕನಿಗೆ ಯಾಕಿಲ್ಲ?

ಇಲ್ಲದಿರುವುದಕ್ಕೆ ಮೊದಲ ಕಾರಣ ಧ್ವನಿಮತ. ಮಸೂದೆಯ ಮೇಲೆ ಚರ್ಚೆ ಮುಗಿಯಿತು, ಅಥವಾ ಮುಗಿಯಿತು ಎಂದುಕೊಂಡರು. ಪೀಠದಿಂದ ಮಾತು ಬರುತ್ತದೆ: ಪರ ಇರುವವರು ‘ಹೌದು’ ಎನ್ನಿ, ವಿರುದ್ಧ ಇರುವವರು ‘ಇಲ್ಲ’ ಎನ್ನಿ. ಎರಡು ಕೂಗು. ‘ಹೌದು’ ಎಂದವರ ದನಿ ಹೆಚ್ಚು ಎಂದು ಪೀಠಕ್ಕೆ ಕೇಳಿಸುತ್ತದೆ, ಮಸೂದೆ ಅಂಗೀಕಾರವಾಗುತ್ತದೆ. ಯಾರು ಕೂಗಿದರು, ಯಾರು ಬಾಯಿ ಮುಚ್ಚಿ ಕೂತಿದ್ದರು, ಯಾರು ಕ್ಯಾಂಟೀನಿನಲ್ಲಿದ್ದರು, ಯಾವ ಕಾಗದದಲ್ಲೂ ಇಲ್ಲ. ಎಣಿಸಿಯೇ ಹೇಳಿ ಎಂದು ಪಟ್ಟು ಹಿಡಿದರೆ ಮತವಿಭಜನೆ, ಸದನದ ಆಡುಮಾತಿನಲ್ಲಿ ಡಿವಿಷನ್. ಆಗ ಮಾತ್ರ ಹೆಸರು ದಾಖಲಾಗುತ್ತದೆ. ಅದಕ್ಕೂ ಒಂದು ಕಿಂಡಿ ಇದೆ. ಡಿವಿಷನ್ ಅನಗತ್ಯವಾಗಿ ಕೇಳಿದ್ದಾರೆ ಎಂದು ಸ್ಪೀಕರಿಗೆ ಅನ್ನಿಸಿದರೆ ಎರಡೂ ಕಡೆಯವರನ್ನು ನಿಂತಲ್ಲೇ ಎಣಿಸಿ ಮುಗಿಸಬಹುದು, ಹೆಸರು ಬರೆಯಬೇಕಿಲ್ಲ ಎನ್ನುತ್ತದೆ ಲೋಕಸಭೆಯ 367ನೇ ನಿಯಮ. ಸೋತವನ ಬಳಿ ಸೋತದ್ದಕ್ಕೂ ಪುರಾವೆ ಉಳಿಯುವುದಿಲ್ಲ.

ಇದು ಬೆಂಗಳೂರಿನ ರೋಗ ಮಾತ್ರವಲ್ಲ. ನಮ್ಮ ಕಡೆಯ ಒಂದು ಸಹಕಾರಿ ಸಂಘದ ವಾರ್ಷಿಕ ಮಹಾಸಭೆಗೆ ನಾನೂ ಹೋಗುತ್ತೇನೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಊಟದ ಪಾತ್ರೆಗಳ ಸದ್ದು. ಕಾರ್ಯದರ್ಶಿ ಠರಾವು ಓದುತ್ತಾರೆ: ‘ಸದರಿ ಖರ್ಚಿಗೆ ಸಭೆಯ ಒಪ್ಪಿಗೆ ಇದೆಯೇ?’ ಮುಂದಿನ ಎರಡು ಸಾಲಿನಿಂದ ‘ಇದೆ, ಇದೆ’. ಹಿಂದಿನವರಿಗೆ ಪ್ರಶ್ನೆ ಕೇಳಿಸುವಷ್ಟರಲ್ಲಿ ಮುಂದಿನ ಠರಾವು ಶುರು. ಒಂದು ವರ್ಷ ಗೋದಾಮಿನ ದುರಸ್ತಿ ಖರ್ಚಿನ ವಿಷಯ ಬಂದಾಗ ಅದೇ ಮಾಸ್ತರರು ಎದ್ದು ನಿಂತರು. ‘ನಂದು ವಿರೋಧ ಇದೆ. ಬರ್ಕೊಳ್ಳಿ.’ ಅಧ್ಯಕ್ಷರು ನಕ್ಕರು. ‘ಮಾಸ್ತರೇ, ನೀವೊಬ್ರೇ. ಠರಾವು ಹೇಗೂ ಪಾಸಾಯ್ತಲ್ಲ.’ ‘ಪಾಸಾಗ್ಲಿ, ಬೇಡ ಅನ್ಲಿಲ್ಲ. ನನ್ನ ವಿರೋಧ ಬರ್ಕೊಳ್ಳಿ ಅಂದೆ.’ ಸಭೆ ಐದು ನಿಮಿಷ ನಿಂತಿತು. ಊಟ ತಡವಾಯಿತು ಎಂದು ಪಕ್ಕದವರು ಗೊಣಗಿದರು.

ಊಟ ತಡವಾಗುತ್ತದೆ ಎನ್ನುವ ಆ ಗೊಣಗಾಟವೇ ನಮ್ಮ ಸದನಗಳಲ್ಲೂ ಗೆದ್ದಿದೆ ಎಂಬುದು ನನ್ನ ಅನುಮಾನ.

ದಾಖಲೆ ಇಟ್ಟ ಕಡೆ ಏನು ಕಂಡಿದೆ ಎಂದು ನೋಡಬಹುದು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಹೆಸರು ಹಿಡಿದು ಹಾಕಿದ ಮತಗಳ ದೊಡ್ಡ ರಾಶಿಯೇ ಇದೆ. ಗ್ಯಾರಿ ಕಾಕ್ಸ್ ಮತ್ತು ಮ್ಯಾಥ್ಯೂ ಮೆಕ್‌ಕಬಿನ್ಸ್ ಎಂಬಿಬ್ಬರು ವಿದ್ವಾಂಸರು ಅದನ್ನು ಜಾಲಾಡಿ 2005ರಲ್ಲಿ ಒಂದು ಪುಸ್ತಕ ತಂದರು. ಒಂದು ಪಕ್ಷದ ಹೆಚ್ಚಿನವರು ಬೇಡವೆಂದ ಮಸೂದೆ ಅವರ ಕಣ್ಣೆದುರೇ ಪಾಸಾಗುವುದು ಎಷ್ಟು ಸಲ ಎಂಬುದೇ ಅವರ ಅಳತೆಗೋಲು. ಬಹುಮತದ ಪಕ್ಷಕ್ಕೆ ಹಾಗಾಗುವುದು ತೀರಾ ಅಪರೂಪ, ಅಲ್ಪಮತದವರಿಗೆ ಅದು ದಿನದ ಮಾತು ಎಂದು ಅವರು ಕಂಡರು. ಇದರಲ್ಲೇನು ಹೊಸದು, ಕೈ ಹೆಚ್ಚಿದ್ದವರು ಗೆಲ್ಲುತ್ತಾರೆ ಎನ್ನಬಹುದು. ಅವರು ಕೊಟ್ಟ ಕಾರಣ ಮಾತ್ರ ನೆನಪಿಡುವಂಥದ್ದು. ಬಹುಮತದವರು ಸೋಲದಿರುವುದಕ್ಕೆ ಅವರೊಳಗಿನ ಒಗ್ಗಟ್ಟು ಮಾತ್ರ ಕಾರಣವಲ್ಲ. ಸೋಲಬಹುದಾದ ಮಸೂದೆಯನ್ನು ಅವರು ಮತಕ್ಕೆ ಹಾಕುವುದೇ ಇಲ್ಲ. ಕಲಾಪಪಟ್ಟಿ ಯಾರ ಕೈಯಲ್ಲಿದೆಯೋ ಅವರ ಸೋಲು ಕಪಾಟಿನಲ್ಲೇ ಮಲಗಿರುತ್ತದೆ.

ನಮ್ಮ ಉದಾಹರಣೆ ಬೇಕೆ? ಮತಾಂತರ ನಿಷೇಧ ಮಸೂದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ದಾಟಿತು. ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿ ಆಡಳಿತದಲ್ಲಿದ್ದ ಬಿಜೆಪಿಗೆ ಆಗ ಕೈ ಸಾಲದು. ಮಸೂದೆಯನ್ನು ಅಲ್ಲಿ ಮತಕ್ಕೆ ತರಲೇ ಇಲ್ಲ. 2022ರ ಮೇಯಲ್ಲಿ ಸುಗ್ರೀವಾಜ್ಞೆ ಹೊರಡಿಸಿದರು, ಪರಿಷತ್ತಿನಲ್ಲಿ ಸಂಖ್ಯೆ ಕೂಡಿಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಅದು ಅಲ್ಲೂ ಪಾಸಾಯಿತು. ಆಗಬಹುದಾಗಿದ್ದ ಒಂದು ಸೋಲು ಒಂಬತ್ತು ತಿಂಗಳು ಕಪಾಟಿನಲ್ಲಿತ್ತು, ಹೊರಗೆ ಬಂದಾಗ ಗೆಲುವಾಗಿತ್ತು.

ಮಸೂದೆಯ ಮೇಲೆ ಸರಕಾರ ನಿಜಕ್ಕೂ ಸೋಲುವ ಮನೆ ಕರ್ನಾಟಕದಲ್ಲಿ ಒಂದೇ. ನಾವು ಚಿಂತಕರ ಚಾವಡಿ ಎಂದು ಕರೆಯುವ 75 ಸದಸ್ಯರ ವಿಧಾನ ಪರಿಷತ್ತು. ಕೆಳಮನೆಯಲ್ಲಿ ಗೆದ್ದವರಿಗೆ ಇಲ್ಲಿ ಬಹುಮತ ಇರಲೇಬೇಕೆಂದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೈಗಾರಿಕಾ ವಿವಾದಗಳ ತಿದ್ದುಪಡಿ ಮಸೂದೆ ಇಲ್ಲಿ ಬಿತ್ತು. ಕಾಂಗ್ರೆಸ್ ಸರಕಾರದ ಸರದಿ ಬಂದಾಗ, 2024ರ ಫೆಬ್ರವರಿಯಲ್ಲಿ, ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಇಲ್ಲೇ ಬಿತ್ತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಸಂವಿಧಾನದ 197ನೇ ವಿಧಿಯ ಪ್ರಕಾರ ಪರಿಷತ್ತು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಹಿಡಿಯಬಹುದು, ಅಷ್ಟೆ. ಸಂಸತ್ತಿನಲ್ಲಾದರೆ ಎರಡೂ ಮನೆಯವರನ್ನು ಕೂಡಿಸಿ ಕೂರಿಸುವ ಜಂಟಿ ಅಧಿವೇಶನವಿದೆ. ರಾಜ್ಯಕ್ಕೆ ಆ ದಾರಿ ಇಲ್ಲ. ಪರಿಷತ್ತು ಸೋಲಿಸಿದರೂ ಕೊನೆಗೆ ಸೋಲುವುದು ಪರಿಷತ್ತೇ.

ಹಾಗಿದ್ದರೂ ಆ ತಾತ್ಕಾಲಿಕ ಸೋಲನ್ನೂ ತಡೆದುಕೊಳ್ಳುವ ತಾಳ್ಮೆ ನಮ್ಮವರಿಗಿಲ್ಲ. 2020ರ ಡಿಸೆಂಬರ್ 15ರಂದು ಪರಿಷತ್ತಿನ ಉಪಸಭಾಪತಿಯನ್ನು ಪೀಠದಿಂದ ಎಳೆದು ಇಳಿಸಿದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. 2021ರ ಫೆಬ್ರವರಿ 8ರಂದು ಗೋಹತ್ಯೆ ನಿಷೇಧ ಮಸೂದೆ ಬಂದಾಗ ವಿರೋಧ ಪಕ್ಷದವರು ಡಿವಿಷನ್ ಕೇಳಿದರು. ಸಂಖ್ಯೆ ಅತ್ತಿತ್ತ ತೂಗುತ್ತಿದ್ದ ಸದನ ಅದು. ಮಸೂದೆ ಧ್ವನಿಮತದಲ್ಲೇ ಅಂಗೀಕಾರವಾಯಿತು. ಆ ವಿಷಯದಲ್ಲಿ ನಿಮ್ಮ ನನ್ನ ನಿಲುವು ಏನೇ ಇರಲಿ, ಆ ದಿನ ಯಾರು ಗೆದ್ದರು ಎಂಬುದು ಗೊತ್ತು, ಎಷ್ಟರಿಂದ ಗೆದ್ದರು ಎಂಬುದು ಯಾರಿಗೂ ಗೊತ್ತಿಲ್ಲ. ದಿಲ್ಲಿಯಲ್ಲೂ ಅದೇ ಕಥೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾದದ್ದು ಹೀಗೇ, ಡಿವಿಷನ್ ಕೇಳಿದವರ ಕೂಗು ಗದ್ದಲದಲ್ಲಿ ಕರಗಿಹೋಯಿತು. ಎಣಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ರೈತರು ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ಕೂತಾಗಲೂ ಕೇಳಿಬರುತ್ತಲೇ ಇತ್ತು.

ಶಾಸಕನಿಗೆ ಪಟ್ಟಿ ಇಲ್ಲದಿರುವುದಕ್ಕೆ ಎರಡನೇ ಕಾರಣ ವಿಪ್, ಅಂದರೆ ಹೀಗೆಯೇ ಮತ ಹಾಕಿ ಎಂಬ ಪಕ್ಷದ ಆದೇಶ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿದ ಮೇಲೆ, ಪಕ್ಷದ ಆದೇಶ ಮೀರಿ ಮತ ಹಾಕಿದರೆ, ಮತ ಹಾಕದೆ ಕೂತರೂ, ಶಾಸಕತ್ವ ಹೋಗುತ್ತದೆ. ಪಕ್ಷ ಹದಿನೈದು ದಿನದೊಳಗೆ ಕ್ಷಮಿಸಿದರೆ ಮಾತ್ರ ಉಳಿಗಾಲ. ಬ್ರಿಟನ್ನಿನಲ್ಲಿ ಜೆರೆಮಿ ಕಾರ್ಬಿನ್ ತಮ್ಮದೇ ಲೇಬರ್ ಪಕ್ಷದ ವಿಪ್ ವಿರುದ್ಧ ನಾನೂರಕ್ಕೂ ಹೆಚ್ಚು ಸಲ ಮತ ಹಾಕಿದರು, 2015ರಲ್ಲಿ ಅದೇ ಪಕ್ಷದ ನಾಯಕರಾದರು. 2019ರ ಜನವರಿ 15ರಂದು ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ 202–432ರಲ್ಲಿ ಬಿದ್ದಾಗ ಸ್ವಂತ ಪಕ್ಷದ ನೂರಕ್ಕೂ ಹೆಚ್ಚು ಮಂದಿ ಎದುರಾಗಿ ನಿಂತಿದ್ದರು. ಪ್ರಧಾನಿ ಮರುದಿನವೂ ಪ್ರಧಾನಿಯೇ. ಅಲ್ಲಿ ಸೋಲು ಒಂದು ದಿನದ ಘಟನೆ. ನಮ್ಮಲ್ಲಿ ಒಂದೇ ಒಂದು ಸಲ ಹಾಗೆ ಮಾಡಿದರೆ ಮನೆಗೆ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಅನರ್ಹತೆಯ ಕತ್ತಿಯನ್ನು ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಬೀಸಿ ಎಂದು ಹೇಳಿತ್ತು, 1999ರಲ್ಲಿ ಕಾನೂನು ಆಯೋಗದ 170ನೇ ವರದಿಯೂ ವಿಪ್‌ಗೆ ಮಿತಿ ಹಾಕಿ ಎಂದಿತು. ಎರಡೂ ಕಪಾಟಿನಲ್ಲಿವೆ. ಹೀಗಾಗಿ ನಮ್ಮ ಶಾಸಕನ ಸೋಲು ಗೆಲುವು ಮಸೂದೆಯ ದಿನ ತೀರ್ಮಾನವಾಗುವುದಿಲ್ಲ. ಚುನಾವಣೆಯ ಫಲಿತಾಂಶ ಬಂದ ದಿನವೇ ಐದು ವರ್ಷದ ಪಟ್ಟಿ ಬರೆದುಹೋಗಿರುತ್ತದೆ: ಆಡಳಿತದ ಸಾಲಿನವನಿಗೆ ಎಲ್ಲವೂ ಗೆಲುವು, ಎದುರಿನ ಸಾಲಿನವನಿಗೆ ಎಲ್ಲವೂ ಸೋಲು.

ಈ ಸೋಲಿನಿಂದ ತಪ್ಪಿಸಿಕೊಳ್ಳಲು ಎದುರಿನ ಸಾಲಿನವರು ಒಂದು ಸುಲಭದ ಹಾದಿ ಕಂಡುಕೊಂಡಿದ್ದಾರೆ. ಸಭಾತ್ಯಾಗ. ಎದ್ದು ಹೋದವನು ಸೋಲುವುದಿಲ್ಲ. ಸದನದ ಬಾವಿಗಿಳಿದು ಕೂಗಿದವನೂ ಸೋಲುವುದಿಲ್ಲ, ಗದ್ದಲದ ನಡುವೆ ಮಸೂದೆ ಪಾಸಾಯಿತು ಎಂದು ಮರುದಿನ ಪೇಪರಿನಲ್ಲಿ ಬರುತ್ತದೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹೀಗೇ ಗದ್ದಲವೆದ್ದು ಬಿಜೆಪಿಯ 18 ಶಾಸಕರು ಅಮಾನತಾದರು. ಅದೇ ದಿನ ಪಾಸಾದವುಗಳಲ್ಲಿ ಶಾಸಕರ, ಮಂತ್ರಿಗಳ ಸಂಬಳ ಏರಿಸುವ ಮಸೂದೆಗಳೂ ಇದ್ದವು. ಆ ಒಂದು ವಿಷಯದಲ್ಲಿ ಸೋತ ಶಾಸಕನನ್ನು ನೀವು ಹುಡುಕಿದರೂ ಸಿಗಲಿಕ್ಕಿಲ್ಲ.

ನಾಯಕರಿಗೆ ಬೇರೆಯೇ ಹಾದಿ, ಮತ ಬೀಳುವ ಮುಂಚೆ ರಾಜೀನಾಮೆ. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ 2007ರ ನವೆಂಬರ್‌ನಲ್ಲಿ ಏಳು ದಿನಕ್ಕೆ, 2018ರ ಮೇ 19ರಂದು ಮೂರನೇ ದಿನಕ್ಕೆ ರಾಜೀನಾಮೆ ಕೊಟ್ಟದ್ದು ಹಾಗೆಯೇ. ಮಾತಾಡಿ ಮುಗಿಸಿ ನೇರ ರಾಜಭವನಕ್ಕೆ ಹೋದರು, ಸೋತ ಅಂಕಿ ಮಾತ್ರ ಕಡತ ಸೇರಲಿಲ್ಲ. ಎಣಿಸಿಕೊಂಡೇ ಸೋತವರಲ್ಲಿ ನಮ್ಮ ದೇವೇಗೌಡರಿದ್ದಾರೆ. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ 158–292. ಎರಡು ವರ್ಷದ ನಂತರ ವಾಜಪೇಯಿಯವರು 269–270ರಲ್ಲಿ, ಒಂದೇ ಮತದಿಂದ ಸೋತರು. ಆ ಒಂದು ಮತದ ಕಥೆ ಇಂದಿಗೂ ಎಲ್ಲರ ಬಾಯಲ್ಲಿದೆ, ಎಣಿಸಿದ್ದರಿಂದ. ಇನ್ನು ಸೋಲಲಿಕ್ಕೂ ಅವಕಾಶ ಸಿಗದವರು ಎಸ್.ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ಬಹುಮತ ಪರೀಕ್ಷೆಗೆ ಬಿಡದೆಯೇ ಅವರ ಸರಕಾರವನ್ನು ವಜಾ ಮಾಡಿದರು. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ, ಅವರದೇ ಹೆಸರಿನ ತೀರ್ಪಿನಲ್ಲಿ.

ರಾಮನಗುಳಿಯ ಮತದಾರನಿಗೆ ಈ ಎಣಿಕೆಯ ರುಚಿ ಹತ್ತಿರದಿಂದಲೇ ಗೊತ್ತು. ನಮ್ಮ ಅಂಕೋಲಾ ತಾಲೂಕು ಕಾರವಾರ ಕ್ಷೇತ್ರಕ್ಕೆ ಸೇರಿದೆ. 2008ರಲ್ಲಿ ಅಲ್ಲಿಂದ ಕಾಂಗ್ರೆಸ್‌ನಲ್ಲಿ ಗೆದ್ದ ಆನಂದ ಅಸ್ನೋಟಿಕರ್ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ಉಪಚುನಾವಣೆ ಗೆದ್ದು ಮಂತ್ರಿಯೂ ಆದರು. 2010ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪನವರ ವಿರುದ್ಧ ಬಂಡೆದ್ದವರ ಗುಂಪಿನಲ್ಲಿ ಅವರಿದ್ದರು. ವಿಶ್ವಾಸಮತದ ಹಿಂದಿನ ದಿನ ಸ್ಪೀಕರ್ ಕೆ.ಜಿ. ಬೋಪಯ್ಯ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 11ರಂದು ಗಲಾಟೆಯ ನಡುವೆ ಧ್ವನಿಮತದಲ್ಲಿ ಸರಕಾರ ಗೆದ್ದಿತು, ಯಾರೂ ನಂಬಲಿಲ್ಲ. 14ರಂದು ಮತ್ತೆ, ಈ ಸಲ ಎಣಿಸಿ: 106–100. ಹೊರಗಿದ್ದ ಹದಿನಾರನ್ನು ನೂರಕ್ಕೆ ಕೂಡಿಸಿದರೆ 116. ಲೆಕ್ಕಕ್ಕೆ ಮಾಸ್ತರರೇ ಬೇಕಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ತಪ್ಪು ಎಂದಿತು. ಅಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಆ ನಿರ್ಣಾಯಕ ದಿನ ನಮ್ಮ ಕ್ಷೇತ್ರ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಇರಲೇ ಇಲ್ಲ.

ಘಟ್ಟದ ಮೇಲಿನ ಹೆಬ್ಬಾರರ ಕಥೆ ಇನ್ನೂ ಸ್ವಾರಸ್ಯದ್ದು. 2019ರಲ್ಲಿ ಗೈರಾಗಿ ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದರೂ ಮರುಸ್ಪರ್ಧೆಗೆ ಬಾಗಿಲು ತೆರೆಯಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, ಮಂತ್ರಿಯಾದರು. 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಮತ್ತೆ ಗೈರು, ಈಗ ಬಿಜೆಪಿ ಶಾಸಕರಾಗಿ. 2025ರ ಮೇಯಲ್ಲಿ ಪಕ್ಷ ಅವರನ್ನು ಉಚ್ಚಾಟಿಸಿತು. ಹಾಕಿದ ಮತಕ್ಕಿಂತ ಹಾಕದ ಮತಕ್ಕೆ ಇಷ್ಟು ತೂಕ ಬಂದದ್ದು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಿಗೂ ಅಲ್ಲ.

ಸೋಲೇ ಇಲ್ಲದ ಕುರ್ಚಿಯೂ ನಮ್ಮವರಿಗೆ ಸಿಕ್ಕಿದೆ. ಹಳೆಯ ಅಂಕೋಲಾ ಕ್ಷೇತ್ರದಿಂದ 1994, 1999, 2004ರಲ್ಲಿ ಗೆದ್ದಿದ್ದ ಕಾಗೇರಿಯವರು 2019ರ ಜುಲೈ 31ರಂದು ಸ್ಪೀಕರ್ ಆದರು. 189ನೇ ವಿಧಿಯಂತೆ ಪೀಠದಲ್ಲಿರುವವರು ಮತ ಹಾಕುವಂತಿಲ್ಲ, ಎರಡೂ ಕಡೆ ಸಮ ಬಂದಾಗ ಮಾತ್ರ ನಿರ್ಣಾಯಕ ಮತ. ಆ ಕುರ್ಚಿಯಲ್ಲಿ ನಾಲ್ಕು ವರ್ಷ ಗೆಲುವಿಲ್ಲ, ಸೋಲಿಲ್ಲ. ಸೋಲು ಬಂದದ್ದು 2023ರಲ್ಲಿ, ಶಿರಸಿಯ ಮತದಾರರಿಂದ.

ಇವರೆಲ್ಲರಿಗಿಂತ ನನಗೆ ಆಪ್ತರು ದಿನಕರ ದೇಸಾಯಿ. ಅಂಕೋಲಾದ ಕಡೆಯವರು, ಚುಟುಕದ ಕವಿ, ಗೇಣಿ ರೈತರ ಹೋರಾಟ ಕಟ್ಟಿ ಗಡೀಪಾರಾದವರು, ಕೆನರಾ ವೆಲ್ಫೇರ್ ಟ್ರಸ್ಟ್ ಮೂಲಕ ಊರೂರಿಗೆ ಶಾಲೆ ತಂದವರು. 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಕಾಂಗ್ರೆಸ್ಸಿಗೆ 283 ಸ್ಥಾನವಿದ್ದ ಮನೆ ಅದು. ಪಕ್ಷವಿಲ್ಲದವನಿಗೆ ವಿಪ್ ಇಲ್ಲ, ಹಾಗೆಯೇ ಅವನ ಕೈಗೆ ಇನ್ನೊಂದು ಕೈ ಜೋಡಿಸುವವರೂ ಇಲ್ಲ. ಅಂಥವನ ಮತ ಗೆದ್ದ ಕಡೆ ಬಿದ್ದರೂ ಸೋತ ಕಡೆ ಬಿದ್ದರೂ ಅದು ಅವನದೇ ಎಂದು ಹೇಳಬಹುದಾದ ಮತ. ಗೇಣಿದಾರರ ವಿಷಯವನ್ನೇ ನೋಡಿ. ದೇಸಾಯಿಯವರು ಬೀದಿಯಲ್ಲಿ ಕೇಳಿದ್ದಕ್ಕೆ 1940ರ ದಶಕದ ಸರಕಾರ ಗಡೀಪಾರಿನಿಂದ ಉತ್ತರಿಸಿತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ 1ರವರೆಗೂ ನಮ್ಮ ಪ್ರತಿನಿಧಿಗಳು ಮುಂಬಯಿಯ ಸದನದಲ್ಲಿ ಅಲ್ಪಸಂಖ್ಯಾತ ಕನ್ನಡಿಗರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗಿ ಉಳುವವನ ಹೆಸರು ಪಹಣಿಗೆ ಬಂತು. ಮೂವತ್ತು ವರ್ಷ ಸೋತ ಮಾತು ಒಂದು ದಿನ ಕಾನೂನಾಯಿತು. ನಡುವೆ ಯಾರು ಯಾವಾಗ ‘ಇಲ್ಲ’ ಎಂದರು ಎಂಬ ಪಟ್ಟಿ ಇದ್ದಿದ್ದರೆ ಈಗ ಓದಲು ಎಷ್ಟು ಚೆನ್ನಾಗಿರುತ್ತಿತ್ತು.

2019ರ ಆ ಸಂಜೆಗೆ ಒಂದು ಬಾಲಂಗೋಚಿ ಇದೆ. ಯಡಿಯೂರಪ್ಪನವರು ಜುಲೈ 26ರಂದು ಪ್ರಮಾಣವಚನ ತೆಗೆದುಕೊಂಡರು, ಮಂತ್ರಿಮಂಡಲ ಆಗಿದ್ದು ಆಗಸ್ಟ್ 20ಕ್ಕೆ. ನಡುವಿನ ಆ ದಿನಗಳಲ್ಲೇ ಗಂಗಾವಳಿ ಉಕ್ಕಿ ನಮ್ಮ ಹೊಳೆಸಾಲಿನ ತೋಟ, ಗದ್ದೆ, ಮನೆ ನೀರೊಳಗೆ ಹೋದವು. ರಾಜ್ಯಕ್ಕೆ ಒಬ್ಬ ಮುಖ್ಯಮಂತ್ರಿ ಬಿಟ್ಟರೆ ಒಬ್ಬ ಮಂತ್ರಿಯೂ ಇರಲಿಲ್ಲ. ಗೆದ್ದ ನಾಲ್ವರು, ಸೋತ ಒಬ್ಬರು, ಬಾರದ ಒಬ್ಬರು ಎಂದು ನಾವು ಪೇಪರಿನ ಅಂಚಿನಲ್ಲಿ ಬರೆದ ಲೆಕ್ಕದ ನಿಜವಾದ ಬಾಕಿ ಆಗಸ್ಟಿನಲ್ಲಿ ಬಂತು.

ಸಂಘದ ಮುಂದಿನ ವರ್ಷದ ಮಹಾಸಭೆಯಲ್ಲಿ ಕಾರ್ಯದರ್ಶಿ ಹಿಂದಿನ ಸಭೆಯ ನಡಾವಳಿ ಓದಿದರು. ಗೋದಾಮಿನ ಠರಾವು ಬಂತು: ‘ಒಬ್ಬ ಸದಸ್ಯರ ವಿರೋಧದೊಂದಿಗೆ ಅಂಗೀಕರಿಸಲಾಯಿತು.’ ಮಾಸ್ತರರು ಎದ್ದರು. ‘ಒಬ್ಬ ಸದಸ್ಯರು ಅಂದ್ರೆ ಯಾರು? ನನಗೆ ಹೆಸರಿಲ್ವಾ?’ ಸಭೆ ನಕ್ಕಿತು. ಕಾರ್ಯದರ್ಶಿ ಪೆನ್ನು ತೆಗೆದು ಸಾಲಿನ ಮೇಲೆ ಹೆಸರು ಸೇರಿಸಿ ಪುಸ್ತಕವನ್ನು ಅವರ ಕಡೆ ತಿರುಗಿಸಿದರು. ಮಾಸ್ತರರು ಮುಂದೆ ಹೋಗಿ, ಕನ್ನಡಕ ಏರಿಸಿ, ಕಾಗುಣಿತ ಸರಿ ಇದೆಯೇ ಎಂದು ನೋಡಿ ಬಂದು ಕೂತರು.